ನಮ್ಮ ಮಕ್ಕಳು ಬರೆಯದೆ ಬಿಟ್ಟ ಸಾಲುಗಳು

ಕೆಲವು ವರ್ಷಗಳ ಹಿಂದೆ ಆಸ್ಪತ್ರೆಯೊಂದರ ದಾದಿಯರ ನೇಮಕಾತಿ ಸಂದರ್ಶನಕ್ಕೆ ಮೂರನೆಯ ಸದಸ್ಯನಾಗಿ ಕುಳಿತುಕೊಳ್ಳುವ ಪ್ರಸಂಗ ನನಗೊದಗಿತು. ಅಂದು ಬಂದ ತರುಣಿಯೊಬ್ಬಳ ಬಯೋಡಾಟಾದಲ್ಲಿ ಒಂದು ವರ್ಷದ ಅನುಭವದ ನಂತರ ಎರಡು ವರ್ಷಗಳ ಲೆಕ್ಕವೇ ಇರಲಿಲ್ಲ. ‘ಕೆಲಸ ಏಕೆ ಬಿಟ್ಟಿರಿ?’ ಎಂದು ಕೇಳಿದೆವು. ‘ಮನೆಯಲ್ಲಿ ಸ್ವಲ್ಪ ತೊಂದರೆಯಿತ್ತು ಸರ್’ ಎಂದು ತಲೆ ತಗ್ಗಿಸಿದಳು. ನಾವು ಮುಂದಿನ ಪ್ರಶ್ನೆಗೆ ಹೋದೆವು. ಅವಳು ಆಯ್ಕೆಯಾಗಲಿಲ್ಲ.

ತಿಂಗಳೊಂದು ಕಳೆದ ಮೇಲೆ ಮದುವೆ ಮನೆಯೊಂದರ ರೋಸ್ ಸಮಾರಂಭದಲ್ಲಿ ಅವಳ ಊರಿನ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದರು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ಆ ಎರಡು ವರ್ಷ ಅವಳೊಬ್ಬಳೇ ನೋಡಿಕೊಂಡಿದ್ದಳಂತೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂಗಿನ ನಳಿಕೆಯಿಂದ ಆಹಾರ ಕೊಡುವುದು, ರಕ್ತದೊತ್ತಡವನ್ನು ದಿನವೂ ಪುಸ್ತಕದಲ್ಲಿ ಬರೆದಿಡುವುದು, ಎಲ್ಲವೂ ಅವಳದೇ ಹೊಣೆ. ಮುದುಕಿ ಕಣ್ಣು ಮುಚ್ಚುವವರೆಗೂ ಬೆನ್ನಿನಲ್ಲಿ ಒಂದು ಹುಣ್ಣೂ ಎದ್ದಿರಲಿಲ್ಲವಂತೆ. ಆ ಆಸ್ಪತ್ರೆಗೆ ಬೇಕಾಗಿದ್ದವಳು ಅವಳೇ. ಅವಳು ಹೇಳಲಿಲ್ಲ, ನಾವು ಸರಿಯಾಗಿ ಕೇಳಲಿಲ್ಲ. ಅಂದು ತಟ್ಟೆಯಲ್ಲಿದ್ದ ಅನ್ನ ನನಗೆ ಸೇರಲಿಲ್ಲ.

ಆ ಹುಡುಗಿ ದಡ್ಡಿಯಲ್ಲ. ತನ್ನ ಕೆಲಸವನ್ನು ತಾನೇ ಹೇಳಿಕೊಳ್ಳುವುದು ಅಹಂಕಾರವೆಂದು ನಮ್ಮ ಮನೆಗಳಲ್ಲಿ ಬಾಲ್ಯದಿಂದಲೇ ಕಲಿಸುತ್ತೇವೆ. ಮಹಾಭಾರತದ ಕರ್ಣಪರ್ವದಲ್ಲಿಯೂ ಆತ್ಮಹತ್ಯೆಗೆ ಹೊರಟ ಅರ್ಜುನನಿಗೆ ‘ನಿನ್ನನ್ನು ನೀನೇ ಹೊಗಳಿಕೊ, ಅದೂ ಆತ್ಮಹತ್ಯೆಗೆ ಸಮಾನವೇ’ ಎಂಬ ಅರ್ಥದ ಉಪಾಯವನ್ನು ಕೃಷ್ಣ ಹೇಳುತ್ತಾನೆ. ಒಳ್ಳೆಯ ಪಾಠವೇ. ಆದರೆ ಹೊಗಳಿಕೆ ಬೇರೆ, ವರದಿ ಬೇರೆ. ‘ನಾನು ಶ್ರಮಜೀವಿ, ಪ್ರಾಮಾಣಿಕ, ನಾಯಕತ್ವದ ಗುಣವುಳ್ಳವನು’ ಎಂದು ಬರೆಯುವುದು ಹೊಗಳಿಕೆ. ‘ಎರಡು ವರ್ಷ ಹಾಸಿಗೆ ಹಿಡಿದ ರೋಗಿಯ ಪೂರ್ಣ ಆರೈಕೆ ಮಾಡಿದ್ದೇನೆ’ ಎಂಬುದು ವರದಿ. ವಿಚಿತ್ರವೆಂದರೆ ನಮ್ಮ ಯುವಜನರು ಮೊದಲನೆಯದನ್ನು ಯಾವ ಸಂಕೋಚವೂ ಇಲ್ಲದೆ ಬರೆಯುತ್ತಾರೆ, ಏಕೆಂದರೆ ಅದು ಗೆಳೆಯನ ಬಯೋಡಾಟಾದಿಂದ ನಕಲು ಮಾಡಿದ್ದು. ಎರಡನೆಯದನ್ನು ಬರೆಯಲು ನಾಚುತ್ತಾರೆ. ಒಂದೇ ಕಾಲೇಜಿನ ಹತ್ತು ಅರ್ಜಿಗಳನ್ನು ಒಟ್ಟಿಗೆ ಓದಿದವರಿಗೆ ಗೊತ್ತು, ಹತ್ತರಲ್ಲಿಯೂ ಅದೇ ಧ್ಯೇಯವಾಕ್ಯ, ಅದೇ ಕಾಗುಣಿತದ ತಪ್ಪು.

ತನ್ನ ಸಣ್ಣ ನಿಜವನ್ನು ಹೇಳಲಾರದವನು ಕೊನೆಗೆ ದೊಡ್ಡ ಸುಳ್ಳನ್ನು ಸಾಲ ತರುತ್ತಾನೆ. ಆರು ತಿಂಗಳ ಕೆಲಸ ಎರಡು ವರ್ಷವಾಗುತ್ತದೆ. ಪರಿಚಿತರ ಸಂಸ್ಥೆಯಿಂದ ಅನುಭವದ ಪ್ರಮಾಣಪತ್ರ ಬರುತ್ತದೆ. ಕೊಲ್ಲಿ ರಾಷ್ಟ್ರಗಳಿಗೆ ಹೊರಡುವ ದಾದಿಯರ ಹೆತ್ತವರು ಇದನ್ನು ಗಮನಿಸಬೇಕು. ದುಬೈ, ಅಬುಧಾಬಿ, ಸೌದಿ ಅರೇಬಿಯಾಗಳ ಆರೋಗ್ಯ ಪ್ರಾಧಿಕಾರಗಳು ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ, ಪ್ರಮಾಣಪತ್ರ ಕೊಟ್ಟ ಕಾಲೇಜು ಮತ್ತು ಆಸ್ಪತ್ರೆಯನ್ನೇ ನೇರವಾಗಿ ಕೇಳಿ ಪರಿಶೀಲಿಸುತ್ತವೆ. ಅಲ್ಲಿ ಸಿಕ್ಕಿಬಿದ್ದ ಒಂದು ಸುಳ್ಳು ಒಂದು ಕೆಲಸವನ್ನಷ್ಟೇ ಅಲ್ಲ, ಮುಂದಿನ ಎಷ್ಟೋ ಬಾಗಿಲುಗಳನ್ನು ಮುಚ್ಚಬಲ್ಲದು.

ಸುಮಾರು 1482ರಲ್ಲಿ ಲಿಯೊನಾರ್ಡೊ ದ ವಿಂಚಿ ಮಿಲಾನನ್ನು ಆಳುತ್ತಿದ್ದ ಲುದೊವಿಕೊ ಸ್ಫೋರ್ಜಾನಿಗೆ ಉದ್ಯೋಗ ಕೋರಿ ಪತ್ರವೊಂದನ್ನು ಸಿದ್ಧಪಡಿಸಿದ. ಸುಲಭವಾಗಿ ಹೊತ್ತೊಯ್ಯಬಲ್ಲ ಸೇತುವೆಗಳು, ಕಂದಕದ ನೀರನ್ನು ಹೊರಹಾಕುವ ವಿಧಾನ, ಫಿರಂಗಿಗಳು, ಮುಚ್ಚಿದ ಯುದ್ಧರಥಗಳು ಎಂದು ಒಂದೊಂದಾಗಿ ಹೇಳಿ, ಚಿತ್ರಕಲೆಯ ಮಾತನ್ನು ಕೊನೆಗೆ ತಂದ. ಅರಸನಿಗೆ ಅಂದು ಬೇಕಾಗಿದ್ದುದು ಯುದ್ಧದ ಉಪಕರಣಗಳೆಂದು ಅವನಿಗೆ ಗೊತ್ತಿತ್ತು. ನಂಬಿಕೆ ಬರದಿದ್ದರೆ ತಮ್ಮ ಉದ್ಯಾನದಲ್ಲಿಯೇ ಮಾಡಿ ತೋರಿಸಲು ಸಿದ್ಧನೆಂದೂ ಸೇರಿಸಿದ. ಅವುಗಳಲ್ಲಿ ಎಷ್ಟನ್ನು ಅವನು ಅದುವರೆಗೆ ಕಟ್ಟಿದ್ದನೆಂಬುದು ಬೇರೆ ಮಾತು! ಆದರೆ ಓದುವವನ ಅಗತ್ಯವನ್ನು ಮೊದಲು ನೆನೆಯುವ ಆ ಕ್ರಮವನ್ನು ನಮ್ಮವರು ಕಲಿಯಬೇಕು. ಲೆಕ್ಕಪತ್ರದ ಕೆಲಸಕ್ಕೆ ಅರ್ಜಿ ಹಾಕುವವನು, ಊರಿನ ಹಬ್ಬದ ಖರ್ಚುವೆಚ್ಚವನ್ನು ಮೂರು ವರ್ಷ ಪೈಸೆ ತಪ್ಪದೆ ಬರೆದಿದ್ದರೆ ಅದನ್ನು ಮೇಲಕ್ಕೆ ತರಲಿ. ಶಾಲೆಯ ಓಟದ ಸ್ಪರ್ಧೆಯ ಬಹುಮಾನ ಕೆಳಗಿರಲಿ. ತಂದೆಯ ಉದ್ಯೋಗ, ಜಾತಿ, ಧರ್ಮ, ಪಾಸ್‌ಪೋರ್ಟ್ ಸಂಖ್ಯೆ ಕೇಳದ ಹೊರತು ಬೇಡವೇ ಬೇಡ. ದೊಡ್ಡ ಕಂಪನಿಗಳಲ್ಲಿ ಮನುಷ್ಯನ ಕಣ್ಣಿಗೆ ಬೀಳುವ ಮೊದಲೇ ಗಣಕಯಂತ್ರವು ಅರ್ಜಿಯನ್ನು ಜಾಲಾಡುವುದುಂಟು. ಆದ್ದರಿಂದ ಜಾಹೀರಾತಿನಲ್ಲಿ ಹೆಸರಿಸಿದ ಕೌಶಲ ನಿಮಗೆ ನಿಜವಾಗಿ ಇದ್ದರೆ, ಅದೇ ಶಬ್ದದಲ್ಲಿ ಬರೆಯುವುದು ಜಾಣತನ.

ಸಂದರ್ಶನದ ಕಾಲ ಮುಗಿಯಿತೆಂದು ಕೆಲವರು ವಾದಿಸುತ್ತಾರೆ. ಕೇಂದ್ರ ಸರಕಾರವು 2016ರ ಜನವರಿಯಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿರುವುದು ಸರಿ, ಅದು ಒಳ್ಳೆಯ ನಿರ್ಧಾರವೇ. ಆದರೆ ನಾಗರಿಕ ಸೇವಾ ಪರೀಕ್ಷೆಯ ಅಂತಿಮ 2025 ಅಂಕಗಳಲ್ಲಿ 275 ಈಗಲೂ ಸಂದರ್ಶನಕ್ಕೇ ಮೀಸಲು. ಖಾಸಗಿ ಕ್ಷೇತ್ರದ ಮಾತಂತೂ ಹೇಳಬೇಕಾಗಿಯೇ ಇಲ್ಲ.

ಅಲ್ಲಿ ನಮ್ಮವರನ್ನು ಕಾಡುವುದು ಇಂಗ್ಲಿಷಿನ ಭಯ. ಕನ್ನಡ ಮಾಧ್ಯಮದಲ್ಲಿ ಕಲಿತವರು ಯಾರೋ ಬರೆದುಕೊಟ್ಟ ದೊಡ್ಡ ವಾಕ್ಯಗಳನ್ನು ಬಾಯಿಪಾಠ ಮಾಡಿ ಬರುತ್ತಾರೆ. ನಡುವೆ ಒಂದು ಪ್ರಶ್ನೆ ಬಂದರೆ ಎಲ್ಲವೂ ಮರೆತುಹೋಗುತ್ತದೆ. ‘ನಿಮ್ಮ ದೌರ್ಬಲ್ಯವೇನು?’ ಎಂದರೆ ‘ನಾನು ಎಲ್ಲವನ್ನೂ ಅತಿ ಅಚ್ಚುಕಟ್ಟಾಗಿ ಮಾಡುತ್ತೇನೆ’ ಎಂಬ ಉತ್ತರವನ್ನು ಒಂದೇ ದಿನ ನಾಲ್ವರಿಂದ ಕೇಳಿದ್ದೇನೆ. ಐದನೆಯವನು ‘ಫೋನಿನಲ್ಲಿ ಮಾತನಾಡಲು ನನಗೆ ಹೆದರಿಕೆ, ಅದಕ್ಕೆ ಹೇಳಬೇಕಾದುದನ್ನು ಮೊದಲು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ’ ಎಂದು ಮುರುಕು ಇಂಗ್ಲಿಷಿನಲ್ಲಿ ಹೇಳಿದ. ಅವನನ್ನು ಎಲ್ಲರೂ ಒಪ್ಪಿದೆವು.

ಇನ್ನು ಶಿಫಾರಸು ಪತ್ರ. ಮಗನಿಗೊಂದು ಕೆಲಸವಾಗಬೇಕೆಂದು ಧರ್ಮಗುರುಗಳ ಬಾಗಿಲಿಗೆ ಹೋಗುವ ತಂದೆಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಪತ್ರ ಹುಡುಗನ ಕುಟುಂಬದ ಬಗ್ಗೆ ಹೇಳುತ್ತದೆಯೇ ಹೊರತು ಅವನ ಕೈಗಳ ಬಗ್ಗೆ ಹೇಳುವುದಿಲ್ಲ. ಮಗನ ಬದಲು ತಾನೇ ಒಳಗೆ ಬಂದು ಮಾತನಾಡಲೇ ಎಂದು ಕೇಳಿದ ತಾಯಂದಿರೂ ಇದ್ದಾರೆ!

ಇದಕ್ಕೆ ದುಬಾರಿ ತರಬೇತಿ ಶಿಬಿರಗಳೇ ಆಗಬೇಕೆಂದಿಲ್ಲ. ಪ್ರತಿ ಧರ್ಮಕೇಂದ್ರದಲ್ಲಿಯೂ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಮುಖ್ಯೋಪಾಧ್ಯಾಯರು, ಕೊಲ್ಲಿಯಿಂದ ಮರಳಿದ ದಾದಿಯರು ಇದ್ದಾರೆ. ತಿಂಗಳಿಗೊಮ್ಮೆ ಭಾನುವಾರದ ಬಲಿಪೂಜೆಯ ನಂತರ ಅವರಲ್ಲಿ ಮೂವರು ಸಭಾಭವನದಲ್ಲಿ ಒಂದು ಗಂಟೆ ಕುಳಿತು, ಬಯೋಡಾಟಾ ಹಿಡಿದು ಬಂದ ಯುವಕ ಯುವತಿಯರನ್ನು ನಿಜವಾದ ಸಂದರ್ಶನದಂತೆಯೇ ಪ್ರಶ್ನಿಸಲಿ. ಎಡವುವುದಾದರೆ ಅಲ್ಲಿ ಎಡವಲಿ. ಬರಿದಾದ ವರ್ಷಗಳು ಕಂಡಾಗ ಮಾತ್ರ, ಅಂದು ನಾವು ಕೇಳಿದಂತೆ ‘ಕೆಲಸ ಏಕೆ ಬಿಟ್ಟಿರಿ?’ ಎಂದು ಕೇಳುವುದು ಬೇಡ. ‘ಆ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಿದ್ದೆ, ಮಗಳೇ?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕಾಯಲಿ.