ಮುಚ್ಚಿದ ಕಾರಿನೊಳಗಿನ ಬಿಸಿಲು

ಮೋಟಾರು ಕಾರೆಂಬುದು ಒಂದು ಕಾಲಕ್ಕೆ ಕೊಳ್ಳೇಗಾಲದಂಥ ಊರಿನಲ್ಲಿ ಜನರು ನಿಂತು ನೋಡುವ ವಸ್ತುವಾಗಿತ್ತು. ಈಗ ಅದು ಜಗಲಿಯ ಮುಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿಯೇ ನಿಂತಿದೆ. ರೇಷ್ಮೆ ಮಗ್ಗದ ಮನೆಯ ಎದುರಿಗೂ, ಯಳಂದೂರಿನ ಕಬ್ಬಿನ ಗದ್ದೆಯ ಅಂಚಿನಲ್ಲಿಯೂ, ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯ ಹೋಟಲುಗಳ ಮುಂದೆಯೂ ಅದನ್ನು ಕಾಣಬಹುದು. ಎತ್ತಿನ ಗಾಡಿಯ ನೊಗ ಹಿಡಿದು ಜೋತಾಡಿದ ಮಗುವಿಗೆ ಹೆಚ್ಚೆಂದರೆ ಮೊಣಕಾಲು ತರಚೀತು. ಕಾರಿನ ಸಂಗತಿ ಬೇರೆ. ಅದಕ್ಕೆ ಬಾಗಿಲುಂಟು, ಬೀಗವುಂಟು, ಗಾಜುಂಟು. ಈ ಮೂರೂ ಕೂಡಿ ಬಿಸಿಲಿನಲ್ಲಿ ನಿಂತಾಗ ಅದು ಏನಾಗಿ ಮಾರ್ಪಡುತ್ತದೆಂಬುದನ್ನು ನಮ್ಮ ಜನ ಇನ್ನೂ ಚೆನ್ನಾಗಿ ಅರಿತಂತೆ ತೋರುವುದಿಲ್ಲ.

ಈಚಿನ ಕೆಲವು ವರ್ಷಗಳ ಸುದ್ದಿಗಳನ್ನು ಒಂದೆಡೆ ಇಟ್ಟು ನೋಡೋಣ. 2022ರ ಜೂನ್ ತಿಂಗಳಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಪಣಗುಡಿಯ ಬಳಿ ಮನೆಯ ಹತ್ತಿರ ನಿಂತಿದ್ದ ಕಾರಿನೊಳಗೆ ಆಡಲು ಹೊಕ್ಕ ಮೂವರು ಮಕ್ಕಳು ಹೊರಗೆ ಬರಲಾರದೆ ಸತ್ತರು. 2023ರ ಜೂನ್‌ನಲ್ಲಿ ನಾಗಪುರದಲ್ಲಿ ಮೂವರು ಮಕ್ಕಳು ಕಾಣೆಯಾದರು. ಪೊಲೀಸರಿಗೆ ದೂರು ಹೋಯಿತು, ಊರೆಲ್ಲ ಹುಡುಕಾಟ ನಡೆಯಿತು. ಮರುದಿನ ಸಂಜೆ ಅವರ ಶವಗಳು ದೊರೆತದ್ದು ಮನೆಗೆ ಕೂಗಳತೆಯಲ್ಲಿ ನಿಂತಿದ್ದ ಒಂದು ಹಳೆಯ ಕಾರಿನಲ್ಲಿ. 2024ರ ನವೆಂಬರ್ ಮೊದಲ ವಾರ ಗುಜರಾತಿನ ಅಮ್ರೇಲಿ ಜಿಲ್ಲೆಯ ರಂಧಿಯಾ ಗ್ರಾಮದಲ್ಲಿ, ಮಧ್ಯಪ್ರದೇಶದಿಂದ ಕೂಲಿಗೆ ಬಂದಿದ್ದ ದಂಪತಿಗಳು ಹೊಲಕ್ಕೆ ಹೋಗಿದ್ದಾಗ ಅವರ ನಾಲ್ಕು ಮಕ್ಕಳು ಜಮೀನಿನ ಒಡೆಯರ ಕಾರಿನೊಳಗೆ ಸೇರಿ ಹೀಗೆಯೇ ಕೊನೆಯುಸಿರೆಳೆದರು. 2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರದ ಬಳಿಯ ದ್ವಾರಪೂಡಿಯಲ್ಲಿ ಮತ್ತೆ ನಾಲ್ವರು.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಓದುಗರ ಮುಂದೆ ಈ ದೂರದ ಊರುಗಳ ಹೆಸರುಗಳನ್ನು ಇಡುವುದಕ್ಕೆ ಕಾರಣವಿದೆ. ಇವುಗಳಲ್ಲಿ ಹೆಚ್ಚಿನವು ಮಹಾನಗರಗಳಲ್ಲ. ತಾಯ್ತಂದೆಗಳು ಕೂಲಿಗೆ ಹೋದಾಗ ಮಕ್ಕಳು ಅಜ್ಜಿಯ ವಶದಲ್ಲಿಯೋ, ತಮಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕನ ವಶದಲ್ಲಿಯೋ ಉಳಿಯುವ ಊರುಗಳು. ಮನೆಗೂ ಬೀದಿಗೂ ನಡುವೆ ಗೇಟಿಲ್ಲದ ಊರುಗಳು. ಕಾರಿಗೆ ಬೀಗ ಹಾಕುವ ಅಭ್ಯಾಸ ಅಷ್ಟಾಗಿ ಬೆಳೆಯದ ಊರುಗಳು. ರಾಮಾಪುರ, ಲೊಕ್ಕನಹಳ್ಳಿಗಳ ಸುತ್ತಿನ ಹಳ್ಳಿಗಳನ್ನು ಬಲ್ಲವರಿಗೆ ಅಮ್ರೇಲಿಯ ಆ ಮನೆಯ ಚಿತ್ರ ಅಪರಿಚಿತವೆನಿಸದು. ಅಲ್ಲಿ ನಡೆದದ್ದು ಇಲ್ಲಿ ನಡೆಯಲಾರದೆಂದು ನಂಬುವುದಕ್ಕೆ ಯಾವ ಆಧಾರವೂ ಇಲ್ಲ.

ಇಂಥ ಸಾವುಗಳನ್ನು ಕುರಿತು ಬರೆಯುವಾಗ ವರದಿಗಾರರು ತಪ್ಪದೆ ಬಳಸುವ ಮಾತೊಂದುಂಟು: 'ಉಸಿರುಗಟ್ಟಿ' ಎಂಬುದು. ಈ ಒಂದು ಮಾತು ನಮ್ಮನ್ನು ದಾರಿ ತಪ್ಪಿಸಿದೆಯೆಂದು ನನ್ನ ಅಭಿಪ್ರಾಯ. ಗಾಳಿಯಿಲ್ಲದೆ ಸತ್ತರೆಂದು ಓದಿದವರು, ಗಾಜನ್ನು ಎರಡು ಬೆರಳಷ್ಟು ಇಳಿಸಿದರೆ ಸಾಕಲ್ಲವೆ ಎಂದು ಸಹಜವಾಗಿಯೇ ತರ್ಕಿಸುತ್ತಾರೆ. ಮಗುವನ್ನು ಕಾರಿನಲ್ಲಿ ಮಲಗಿಸಿ, ಗಾಜು ಕೊಂಚ ಇಳಿಸಿ, ಔಷಧದ ಅಂಗಡಿಗೆ ಹೋಗಿ ಬರುವವರ ಧೈರ್ಯವೆಲ್ಲ ಈ ತರ್ಕದಿಂದ ಹುಟ್ಟಿದ್ದು. ಆದರೆ ಬಹುಮಟ್ಟಿಗೆ ಕೊಲ್ಲುವುದು ಗಾಳಿಯ ಕೊರತೆಯಲ್ಲ, ಬಿಸಿ. ಗಾಳಿ ತೀರುವುದಕ್ಕೆ ಬಹಳ ಮೊದಲೇ ಬಿಸಿ ತನ್ನ ಕೆಲಸವನ್ನು ಮುಗಿಸಿರುತ್ತದೆ.

ಸೂರ್ಯನ ಬೆಳಕು ಗಾಜಿನ ಮೂಲಕ ಸಲೀಸಾಗಿ ಒಳಗೆ ಬರುತ್ತದೆ. ಆಸನ, ಚಕ್ರ, ಮುಂಭಾಗದ ಹಲಗೆ ಇವು ಅದನ್ನು ಹೀರಿ ಕಾಯುತ್ತವೆ. ಹಾಗೆ ಕಾದ ವಸ್ತುಗಳು ಹೊರಸೂಸುವ ತಾಪಕ್ಕೆ ಅದೇ ಗಾಜು ದಾರಿ ಬಿಡುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವೈದ್ಯರು 2005ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರ ಪ್ರಕಾರ, ಹೊರಗೆ ಕೇವಲ 22 ಡಿಗ್ರಿ ಇರುವ ಹಿತವಾದ ದಿನದಲ್ಲಿಯೂ ಕಾರಿನೊಳಗಿನ ಉಷ್ಣಮಾನ ಒಂದು ಗಂಟೆಯೊಳಗೆ 47 ಡಿಗ್ರಿಯವರೆಗೆ ಏರಬಲ್ಲುದು. ಆ ಏರಿಕೆಯ ನೂರಕ್ಕೆ 80ರಷ್ಟು ಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಮುಗಿದುಹೋಗುತ್ತದೆ. ಗಾಜನ್ನು ತುಸು ಇಳಿಸಿದ್ದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು 'ಮೇಲೆ ತಂಪಾಗಿದೆ, ಮಗು ಕಾರಿನಲ್ಲಿಯೇ ಮಲಗಿರಲಿ' ಎಂದುಕೊಳ್ಳುವುದುಂಟು. ತಂಪು ಮರಗಳ ಕೆಳಗಿದೆ, ಗಾಜಿನೊಳಗಿಲ್ಲ.

ನೆರಳಾದರೆ? ಅದೂ ಪೂರ್ಣ ಭರವಸೆಯಲ್ಲ. ಅರಿಜೋನಾ ಪ್ರಾಂತದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡು ಬೇಸಗೆಯ ದಿನ ಒಂದು ಗಂಟೆ ಬಿಸಿಲಿನಲ್ಲಿ ನಿಂತ ಕಾರುಗಳ ಒಳಗೆ ಸರಾಸರಿ 47 ಡಿಗ್ರಿ, ಮುಂಭಾಗದ ಹಲಗೆಯ ಮೇಲೆ 69 ಡಿಗ್ರಿ ಕಂಡುಬಂದಿತು; ನೆರಳಿನಲ್ಲಿ ನಿಂತವುಗಳ ಒಳಗೆ 38 ಡಿಗ್ರಿಯಷ್ಟು. ಎರಡು ವರ್ಷದ ಮಗುವಿನ ದೇಹ ಬಿಸಿಲಿನ ಕಾರಿನಲ್ಲಿ ಸುಮಾರು ಒಂದು ಗಂಟೆಯಲ್ಲಿ, ನೆರಳಿನ ಕಾರಿನಲ್ಲಿಯೂ ಎರಡು ಗಂಟೆಗೆ ಮೊದಲೇ, ಅಪಾಯದ ಗಡಿಯಾದ 40 ಡಿಗ್ರಿಯನ್ನು ಮುಟ್ಟಬಹುದೆಂದು ಅವರು ಲೆಕ್ಕ ಹಾಕಿದರು. ಮಕ್ಕಳ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆಂದು ವೈದ್ಯರು ಹೇಳುತ್ತಾರೆ. ದೇಹದ ಒಳತಾಪ 40 ಡಿಗ್ರಿ ದಾಟಿದ ಮೇಲೆ ಬೆವರಿನ ವ್ಯವಸ್ಥೆ ಸೋಲುತ್ತದೆ, ಮಿದುಳು ಮಂಕಾಗುತ್ತದೆ. 42ರ ಹತ್ತಿರಕ್ಕೆ ಬಂದರೆ ಪ್ರಾಣ ಉಳಿಯುವುದು ದುರ್ಲಭ. ಅಳುತ್ತದೆ, ಕೂಗುತ್ತದೆ, ಆಗ ಓಡಿ ಬರೋಣವೆಂದು ಕಾಯುವವರು ನೆನಪಿಡಬೇಕಾದ ಸಂಗತಿಯೆಂದರೆ, ಬಿಸಿ ತಾಗಿದ ಕೂಸು ಬಹಳ ಹೊತ್ತು ಅಳುವುದಿಲ್ಲ. ನಿದ್ದೆ ಹೋದಂತೆಯೇ ಕಾಣುತ್ತದೆ.

ಮಕ್ಕಳು ತಾವೇ ಒಳಹೊಕ್ಕ ಮಾತು ಹೀಗಾಯಿತು. ಹೆತ್ತವರೇ ಮರೆಯುವುದೂ ಉಂಟೆ? ಇದನ್ನು ಕೇಳಿದೊಡನೆ ನಮ್ಮಲ್ಲಿ ಬರುವ ಉತ್ತರ, 'ಅಂಥವರು ತಾಯ್ತಂದೆಗಳೇ ಅಲ್ಲ' ಎಂಬುದು. ಈ ಉತ್ತರದಲ್ಲಿ ಕೋಪವಿದೆ, ವಿಚಾರವಿಲ್ಲ. 2024ರ ಮೇ ತಿಂಗಳಲ್ಲಿ ರಾಜಸ್ಥಾನದ ಕೋಟಾ ಜಿಲ್ಲೆಯಲ್ಲಿ ಒಂದು ಕುಟುಂಬ ಮದುವೆಗೆ ಹೋಯಿತು. ತಾಯಿಯೂ ಹಿರಿಯ ಮಗಳೂ ಛತ್ರದ ಬಾಗಿಲಲ್ಲಿ ಇಳಿದರು. ತಂದೆ ಕಾರನ್ನು ಒಂದೆಡೆ ನಿಲ್ಲಿಸಿ, ಬೀಗ ಹಾಕಿ ಬಂದರು. ಮೂರು ವರ್ಷದ ಕಿರಿಯ ಮಗಳು ಅಮ್ಮನೊಡನೆ ಇಳಿದಳೆಂದು ಅಪ್ಪ ತಿಳಿದಿದ್ದರು. ಅಪ್ಪನೊಡನೆ ಬರುತ್ತಾಳೆಂದು ಅಮ್ಮ ತಿಳಿದಿದ್ದರು. ಬಂಧುಗಳ ಮಾತುಕತೆಯಲ್ಲಿ ಸುಮಾರು ಎರಡು ಗಂಟೆ ಕಳೆಯಿತು. ಇಬ್ಬರೂ ಎದುರುಬದುರಾಗಿ ಮಗುವೆಲ್ಲಿ ಎಂದು ಕೇಳಿಕೊಂಡಾಗಲೇ ಇಬ್ಬರಿಗೂ ತಿಳಿದದ್ದು.

ಇದರಲ್ಲಿ ಪ್ರೀತಿಯ ಕೊರತೆ ಎಲ್ಲಿದೆ? ಮದುವೆ, ಮುಂಜಿ, ಜಾತ್ರೆಗಳಲ್ಲಿ ನಮ್ಮ ಮಕ್ಕಳು ಹತ್ತು ಜನರ ಕೈಯಲ್ಲಿ ಬೆಳೆಯುತ್ತವೆ; ಅದು ನಮ್ಮ ಕೌಟುಂಬಿಕ ಜೀವನದ ಸೊಗಸು. ಹತ್ತು ಜನರ ಕೈಯಲ್ಲಿದೆಯೆಂಬ ನೆಮ್ಮದಿಯೇ ಒಮ್ಮೊಮ್ಮೆ ಯಾರ ಕೈಯಲ್ಲಿಯೂ ಇಲ್ಲದಂತೆ ಮಾಡುತ್ತದೆ. ಕೊಳ್ಳೇಗಾಲದ ಕಲ್ಯಾಣಮಂಟಪವೊಂದರ ಮುಂದೆ ಮುಹೂರ್ತದ ವೇಳೆಗೆ ಕಾರುಗಳು ಬಂದು ನಿಲ್ಲುವ ಗಡಿಬಿಡಿಯನ್ನು ಕಂಡವರು ಕೋಟಾದ ಆ ದಂಪತಿಗಳನ್ನು ಹಳಿಯಲಾರರು.

ಒಬ್ಬರೇ ಇದ್ದಾಗಲೂ ಮರೆವು ಬರುವ ಬಗೆಯನ್ನು ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದ ಡೇವಿಡ್ ಡೈಮಂಡ್ ಎಂಬ ಮನಶ್ಶಾಸ್ತ್ರಜ್ಞರು ಬಹುಕಾಲ ಪರಿಶೀಲಿಸಿದ್ದಾರೆ. ದಿನವೂ ಮಾಡುವ ಕೆಲಸವನ್ನು ನಡೆಸುವ ನೆನಪು ಒಂದು. ಇಂದು ವಿಶೇಷವಾಗಿ ಮಾಡಬೇಕಾದುದನ್ನು ಹೊತ್ತಿಗೆ ಸರಿಯಾಗಿ ಎಚ್ಚರಿಸುವ ನೆನಪು ಇನ್ನೊಂದು. ಪ್ರತಿದಿನ ಮನೆಯಿಂದ ನೇರವಾಗಿ ಕಚೇರಿಗೆ ಹೋಗುವವನು ಒಂದು ದಿನ ಮಗುವನ್ನು ಶಿಶುವಿಹಾರದಲ್ಲಿ ಇಳಿಸಿ ಹೋಗಬೇಕಾಗಿ ಬಂದಾಗ, ನಿದ್ದೆಗೆಟ್ಟ ಬೆಳಿಗ್ಗೆಯಲ್ಲಿ, ಮೊದಲನೆಯ ನೆನಪು ಎರಡನೆಯದನ್ನು ಮೆಟ್ಟಿಬಿಡುತ್ತದೆ. ಮಗುವನ್ನು ಇಳಿಸಿಯಾಯಿತೆಂಬ ಸುಳ್ಳು ಸ್ಮೃತಿಯೂ ಹುಟ್ಟಬಹುದು. ಅಂಗಡಿಗೆಂದು ಹೊರಟು ಕಚೇರಿಯ ದಾರಿ ಹಿಡಿದ ಅನುಭವ ಯಾರಿಗಿಲ್ಲ?

ಅಮೆರಿಕದಲ್ಲಿ 1998ರಿಂದ ಈಚೆಗೆ ಸಾವಿರಕ್ಕೂ ಹೆಚ್ಚು ಮಕ್ಕಳು ಕಾರಿನ ಬಿಸಿಗೆ ಬಲಿಯಾಗಿದ್ದಾರೆ. ಸರಾಸರಿ ವರ್ಷಕ್ಕೆ 37ರಷ್ಟು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮರೆತುಹೋದ ಮಕ್ಕಳು, ಸುಮಾರು ಕಾಲು ಪಾಲು ತಾವಾಗಿ ಹೊಕ್ಕವರು. ಅಲ್ಲಿ ಮರೆವಿನ ಸಾವುಗಳು ಹೆಚ್ಚಿದುದರ ಹಿನ್ನೆಲೆ ವಿಚಿತ್ರವಾಗಿದೆ. ಅಪಘಾತದಲ್ಲಿ ಉಬ್ಬಿ ಬರುವ ಗಾಳಿಚೀಲ ಮುಂದಿನ ಆಸನದ ಮಕ್ಕಳಿಗೆ ಮಾರಕವೆಂದು ತಿಳಿದ ಮೇಲೆ, 1990ರ ದಶಕದಲ್ಲಿ ಮಕ್ಕಳನ್ನು ಹಿಂದಿನ ಆಸನಕ್ಕೆ, ಎಳೆಗೂಸುಗಳನ್ನು ಹಿಂದುಮುಖವಾಗಿ, ಕೂರಿಸುವ ಪದ್ಧತಿ ಬಂದಿತು. ಅದು ಸರಿಯಾದ ಕ್ರಮವೇ. ಎಷ್ಟೋ ಜೀವಗಳು ಅದರಿಂದ ಉಳಿದವು. ಆದರೆ ನಿದ್ದೆ ಹೋದ ಮಗು ಚಾಲಕನ ಕಣ್ಣಿನಿಂದ ಮರೆಯಾಯಿತು.

ನಮ್ಮಲ್ಲಿ ಕೂಸು ಇನ್ನೂ ತಾಯಿಯ ಮಡಿಲಲ್ಲಿಯೇ ಪ್ರಯಾಣ ಮಾಡುತ್ತದೆ. ಮಡಿಲಲ್ಲಿರುವುದನ್ನು ಮರೆಯುವುದು ಅಸಾಧ್ಯವಾದರೂ ಅಪಘಾತದಲ್ಲಿ ಮಡಿಲು ರಕ್ಷಣೆಯಲ್ಲ. ಆದಕಾರಣ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಹದಿನಾಲ್ಕು ವರ್ಷಕ್ಕೆ ಒಳಗಿನ ಮಕ್ಕಳನ್ನು ಪಟ್ಟಿಯಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡವನ್ನು ಗೊತ್ತುಮಾಡಿದೆ. ಈ ನಿಯಮ ನಿಜವಾಗಿ ಆಚರಣೆಗೆ ಬಂದ ದಿನ, ಅಮೆರಿಕದವರು ಮೂವತ್ತು ವರ್ಷಗಳ ಹಿಂದೆ ಎದುರಿಸಿದ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬರುತ್ತದೆ. ಇಟಲಿ ದೇಶ ಇದನ್ನು ಮನಗಂಡು, ನಾಲ್ಕು ವರ್ಷದೊಳಗಿನ ಮಕ್ಕಳನ್ನು ಒಯ್ಯುವ ಕಾರಿನಲ್ಲಿ ಮಗು ಉಳಿದರೆ ಎಚ್ಚರಿಸುವ ಸಾಧನವಿರತಕ್ಕದ್ದೆಂದು 2018ರಲ್ಲಿ ಕಾನೂನು ಮಾಡಿ 2019ರ ನವೆಂಬರಿನಿಂದ ಜಾರಿಗೆ ತಂದಿತು. ನಮ್ಮಲ್ಲಿ ಅಂಥ ಸಾಧನ ಬರುವವರೆಗೆ, ಚಾಲಕನು ತನ್ನ ಕೈಚೀಲವನ್ನೋ ಒಂದು ಕಾಲಿನ ಚಪ್ಪಲಿಯನ್ನೋ ಮಗುವಿನ ಪಕ್ಕದಲ್ಲಿ ಇಡುವ ಉಪಾಯವುಂಟು. ಕೇಳಿ ನಗು ಬಂದೀತು. ಬರಿಗಾಲಿನಲ್ಲಿ ಕಚೇರಿಯ ಮೆಟ್ಟಿಲು ಹತ್ತುವವನಿಗೆ ಹಿಂದಿನ ಆಸನ ನೆನಪಾಗದೆ ಇರದು.

ಶಾಲೆಯ ವ್ಯಾನುಗಳ ವಿಚಾರ ಇನ್ನೂ ಹತ್ತಿರದ್ದು. ಈ ಮೂರು ತಾಲ್ಲೂಕುಗಳ ಹಳ್ಳಿಗಳಿಂದ ಕೊಳ್ಳೇಗಾಲದ ಶಾಲೆಗಳಿಗೆ ಮುಂಜಾನೆ ಹೊರಡುವ ಹಳದಿ ಗಾಡಿಗಳಲ್ಲಿ ಮೂರು-ನಾಲ್ಕು ವರ್ಷದ ಮಕ್ಕಳು ತೂಕಡಿಸುತ್ತ ಕುಳಿತಿರುವುದನ್ನು ಯಾರೂ ನೋಡಬಹುದು. 2022ರ ಸೆಪ್ಟೆಂಬರಿನಲ್ಲಿ ಕತಾರ್ ದೇಶದ ಅಲ್ ವಕ್ರಾದಲ್ಲಿ ಭಾರತೀಯ ಕುಟುಂಬವೊಂದರ ನಾಲ್ಕು ವರ್ಷದ ಬಾಲಕಿ ಶಾಲೆಯ ಬಸ್ಸಿನಲ್ಲಿ ನಿದ್ದೆ ಹೋದಳು. ಬಸ್ಸನ್ನು ಪರೀಕ್ಷಿಸದೆ ಬೀಗ ಹಾಕಲಾಯಿತು. ಅದು ಆಕೆಯ ಹುಟ್ಟುಹಬ್ಬದ ದಿನ. ಅಲ್ಲಿನ ಸರ್ಕಾರ ಆ ಶಿಶುವಿಹಾರವನ್ನು ಮುಚ್ಚಿಸಿತು. ಅದೇ ತಿಂಗಳು ಜಪಾನಿನ ಮಾಕಿನೊಹರಾದಲ್ಲಿ ಮೂರು ವರ್ಷದ ಮಗುವಿಗೆ ಇದೇ ಗತಿಯಾಯಿತು. 2023ರ ಏಪ್ರಿಲಿನಿಂದ ಅಲ್ಲಿ ಶಿಶುಶಾಲೆಗಳ ಬಸ್ಸುಗಳಿಗೆ ಎಚ್ಚರಿಕೆಯ ಸಾಧನ ಕಡ್ಡಾಯವಾಯಿತು. ದಕ್ಷಿಣ ಕೊರಿಯಾ 2018ರ ಇಂಥದೇ ಒಂದು ಸಾವಿನ ತರುವಾಯ 2019ರಲ್ಲಿಯೇ ಆ ಕ್ರಮ ಕೈಗೊಂಡಿತ್ತು. ಅದರ ಯುಕ್ತಿ ಬಲು ಸರಳ. ಬಸ್ಸಿನ ಕಟ್ಟಕಡೆಯ ಆಸನದ ಹತ್ತಿರ ಒಂದು ಗುಂಡಿ ಇರುತ್ತದೆ. ಚಾಲಕನು ಹಿಂದಿನವರೆಗೂ ನಡೆದುಹೋಗಿ ಅದನ್ನು ಒತ್ತಿದಲ್ಲದೆ ಗಂಟೆ ನಿಲ್ಲುವುದಿಲ್ಲ. ನಡೆದುಹೋಗುವಾಗ ಆಸನಗಳ ನಡುವೆ ಕಣ್ಣು ಹಾಯಲೇಬೇಕು.

ಈ ಯಂತ್ರವನ್ನು ಕೊಳ್ಳಲು ಹಣವಿಲ್ಲದ ಶಾಲೆ ಯಾವುದೂ ನಡಿಗೆಗೆ ಹಣವಿಲ್ಲವೆನ್ನಲಾರದು. ಇಳಿದ ಮಕ್ಕಳನ್ನು ಎಣಿಸುವುದು, ಬಾರದ ಮಗುವಿನ ಮನೆಗೆ ಮೊದಲ ತರಗತಿ ಮುಗಿಯುವ ಮುನ್ನ ಫೋನು ಮಾಡುವುದು, ಇವೆರಡನ್ನು ತಾಯ್ತಂದೆಗಳು ಶಾಲೆಗೆ ಸೇರಿಸುವ ದಿನವೇ ಕೇಳಿ ಪಡೆಯಬೇಕು. ಶುಲ್ಕದ ಬಗ್ಗೆ ಒಂದು ಗಂಟೆ ಚರ್ಚಿಸುವವರು ಇದನ್ನು ಕೇಳಲು ಸಂಕೋಚಪಡುವುದೇಕೋ ತಿಳಿಯದು.

ಮನೆಯ ಕಾರಿನ ಮಟ್ಟಿಗೆ ಮಾಡತಕ್ಕದ್ದು ಹೆಚ್ಚೇನಿಲ್ಲ: ಅಂಗಳದಲ್ಲಿದ್ದರೂ ಬೀಗ, ಕೀಲಿಕೈ ಮಕ್ಕಳಿಗೆ ಎಟುಕದ ಮೊಳೆಯ ಮೇಲೆ. ಗ್ಯಾರೇಜುಗಳ ಹಿಂದೆ ಹುಲ್ಲು ಬೆಳೆದು ನಿಂತಿರುವ ಕೆಟ್ಟ ಕಾರುಗಳನ್ನು ಮಾತ್ರ ಯಾರೂ ಗಣಿಸುವುದಿಲ್ಲ. ಅವುಗಳ ಬಾಗಿಲು ಹೊರಗಿನಿಂದ ತೆರೆಯುತ್ತದೆ, ಒಳಗಿನಿಂದ ತೆರೆಯುವ ಹಿಡಿ ಮುರಿದಿರುತ್ತದೆ. ಒಳ್ಳೆಯ ಸ್ಥಿತಿಯ ಕಾರಿನಲ್ಲಿಯೂ ಹಿಂದಿನ ಬಾಗಿಲುಗಳಿಗೆ ಮಕ್ಕಳ ಬೀಗವೆಂಬ ಏರ್ಪಾಡಿದ್ದು, ಅದನ್ನು ಹಾಕಿದ್ದರೆ ಒಳಗಿನ ಹಿಡಿ ಕೆಲಸ ಮಾಡದು. ನಾಲ್ಕೈದು ವರ್ಷದ ಮಕ್ಕಳಿಗೆ ಮುಂದಿನ ಆಸನಕ್ಕೆ ನುಸುಳಿ ಬರುವುದನ್ನೂ, ಹಾರನ್ ಒತ್ತುತ್ತಲೇ ಇರುವುದನ್ನೂ ಆಟದಂತೆ ಕಲಿಸಬಹುದು. ಹೆಚ್ಚಿನ ಕಾರುಗಳಲ್ಲಿ ಕೀಲಿಯಿಲ್ಲದೆಯೂ ಹಾರನ್ ಕೂಗುತ್ತದೆ. ಮಗು ಕಾಣದಾದಾಗ ನಮ್ಮ ಜನ ಮೊದಲು ಕೆರೆ, ಬಾವಿಗಳ ಕಡೆಗೆ ಓಡುತ್ತಾರೆ. ಅದು ತಪ್ಪಲ್ಲ. ಆದರೆ ಅದೇ ಉಸಿರಿನಲ್ಲಿ ಬೀದಿಯಲ್ಲಿ ನಿಂತ ಪ್ರತಿಯೊಂದು ಕಾರಿನ ಒಳಗನ್ನೂ, ಹಿಂದಿನ ಸಾಮಾನಿನ ಪೆಟ್ಟಿಗೆಯನ್ನೂ ನೋಡಬೇಕು. ನಾಗಪುರದಲ್ಲಿ ಹುಡುಕಾಟ ಎಲ್ಲೆಲ್ಲಿಯೋ ನಡೆದು ಅಲ್ಲಿಗೆ ಬರುವಷ್ಟರಲ್ಲಿ ಒಂದು ರಾತ್ರಿ, ಒಂದು ಹಗಲು ಕಳೆದುಹೋಗಿತ್ತು. ಕಪ್ಪು ಹಾಳೆ ಅಂಟಿಸಿದ ಗಾಜಾದರೆ ಇಣಿಕಿದರೂ ಏನೂ ಕಾಣದು. ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಅಂಥ ಹಾಳೆಗಳನ್ನು ನಿಷೇಧಿಸಿದ್ದು ಅಪರಾಧಗಳ ದೃಷ್ಟಿಯಿಂದಾದರೂ ಅದರ ಪ್ರಯೋಜನ ಇಲ್ಲಿಯೂ ಇದೆ.

ದೀಪಾವಳಿ, ಶಿವರಾತ್ರಿ, ಯುಗಾದಿಗಳಲ್ಲಿ ಮಾದಪ್ಪನ ಬೆಟ್ಟದ ಮೇಲೆ ಸಾಲಾಗಿ ನಿಲ್ಲುವ ವಾಹನಗಳ ನಡುವೆ ನಡೆದುಹೋಗುವ ಭಕ್ತರು ಒಂದು ಮಾತನ್ನು ತಿಳಿದಿರಲಿ. ಮುಚ್ಚಿದ ಕಾರಿನಲ್ಲಿ ಒಂಟಿ ಮಗು ಕಂಡರೆ, ಯಾರದೋ ಕಾರು, ನಮಗೇಕೆ ಎನ್ನಕೂಡದು. ಮಗು ಕರೆದರೆ ಓಗೊಡುವಂತಿದ್ದರೆ ಧ್ವನಿವರ್ಧಕದಲ್ಲಿ ಕಾರಿನ ಸಂಖ್ಯೆಯನ್ನು ಕೂಗಿಸಿ, 112ಕ್ಕೆ ಫೋನು ಮಾಡಿ, ಅಲ್ಲಿಯೇ ನಿಲ್ಲಬೇಕು. ಓಗೊಡದಿದ್ದರೆ ಒಡೆಯನನ್ನು ಕಾಯುವ ಹೊತ್ತಲ್ಲ. ಮುಂದಿನ ದೊಡ್ಡ ಗಾಜು ಎರಡು ಪದರದ್ದು, ಕಲ್ಲಿಗೆ ಬಗ್ಗದು. ಮಗುವಿನಿಂದ ದೂರದ ಪಕ್ಕದ ಕಿಟಕಿಯ ಮೂಲೆಗೆ ಗಟ್ಟಿಯಾದ ಚೂಪು ವಸ್ತುವಿನಿಂದ ಹೊಡೆದರೆ ಅದು ಕಾಳು ಕಾಳಾಗಿ ಉದುರುತ್ತದೆ. ಮಗುವನ್ನು ನೆರಳಿಗೆ ತಂದು, ಬಟ್ಟೆ ಬಿಚ್ಚಿ, ಮೈಮೇಲೆಲ್ಲ ನೀರು ಸುರಿಯುತ್ತ ಗಾಳಿ ಬೀಸಬೇಕು. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ನೀರು ಹಾಕಕೂಡದು. ಜ್ವರದ ಔಷಧ ಈ ತಾಪಕ್ಕೆ ನಾಟುವುದಿಲ್ಲ. 108ರ ಗಾಡಿ ಬೆಟ್ಟ ಹತ್ತಿ ಬರುವವರೆಗೂ, ಗಾಡಿಯೊಳಗೆ ಮಲಗಿಸಿದ ಮೇಲೂ, ನೀರು ಸುರಿಯುವುದನ್ನು ನಿಲ್ಲಿಸದಿರಬೇಕು.