ಗಿಡ ಹಚ್ಚಾಕ ಮೊದಲು ಅಂಗಳ ಬೇಕು

ಮಳೆಗಾಲ ಹತ್ತಿರ ಬಂತಂದ್ರ ಮೊಬೈಲ್ ತುಂಬ ಒಂದೇ ಉಪದೇಶ. "ಮನೆ ಮುಂದೆ ಒಂದು ಹಣ್ಣಿನ ಗಿಡ ಬೆಳೆಸಿ, ವಿಷ ಇಲ್ಲದ ಹಣ್ಣು ತಿನ್ನಿ." ಒಳ್ಳೆಯ ಮಾತೇ, ತಕರಾರಿಲ್ಲ. ಆದರೆ ಈ ಉಪದೇಶ ಮಾಡುವವರು ಒಂದು ಪ್ರಶ್ನೆಯನ್ನ ಕೇಳೋದೇ ಇಲ್ಲ. ಯಾರ ಮನೆ ಮುಂದ ಜಾಗ ಐತಿ?

ನಮ್ಮ ಲೋಂಡಾ ಕಡೆ ಬಂದು ನೋಡ್ರಿ. ಹುಬ್ಬಳ್ಳಿ, ಬೆಳಗಾವಿ, ಗೋವಾ ಮೂರೂ ಕಡೆಯ ರೈಲು ಹಳಿ ಕೂಡುವ ಜಂಕ್ಷನ್ ಇದು. ಸುತ್ತ ಖಾನಾಪುರದ ಕಾಡು. ಮಳೆಗೆ ಬರ ಇಲ್ಲ. ಹಲಸು, ಮಾವು, ಗೇರು, ಮುರುಗಲು, ನೇರಳೆ ಯಾರೂ ಹಚ್ಚದಿದ್ರೂ ತಾವಾಗೇ ಬೆಳೆಯುವ ನೆಲ. ಬೇಸಿಗೆ ಬಂದ್ರ ನಮ್ಮ ಹೆಣ್ಣುಮಕ್ಕಳು ಕವಳಿ ಹಣ್ಣು, ನೇರಳೆ ಹಣ್ಣು ಎಲೆಯಾಗ ಕಟ್ಟಿಕೊಂಡು ರಸ್ತೆ ಬದಿ ಕೂತು ಮಾರ್ತಾರ. ಆ ಹಣ್ಣು ಅವರ ಅಂಗಳದ್ದಲ್ಲ, ಕಾಡಿನದ್ದು. ಕಾಡಿನದ್ದು ಅಂದ್ರ ಯಾವತ್ತೂ ಇನ್ನೊಬ್ಬರ ಅನುಮತಿಯ ಮ್ಯಾಲೆ ನಿಂತ ಹಣ್ಣು. 2011ರಲ್ಲಿ ಭೀಮಗಡ ವನ್ಯಜೀವಿಧಾಮ ಆದ ಮ್ಯಾಲಂತೂ ಅದರ ಗಡಿಯೊಳಗೆ ಕಾಯಿದೆ ಇನ್ನೂ ಬಿಗಿ. ಇಷ್ಟು ಹಣ್ಣಿನ ಸೀಮೆಯಾಗಿದ್ದೂ ನಮ್ಮ ಕೇರಿಯ ಮನೆ ಮುಂದ ಒಂದು ಪೇರಲ ಗಿಡ ಯಾಕ ಇಲ್ಲ? ಸೋಮಾರಿತನ ಅಲ್ಲ, ಅಜ್ಞಾನವೂ ಅಲ್ಲ. ಜಾಗ ಇಲ್ಲ. ಇರೋ ಜಾಗ ನಮ್ಮದು ಅನ್ನೋ ಕಾಗದ ಇಲ್ಲ.

ಲೆಕ್ಕ ಹಾಕೋಣ. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದ್ರ ಸುಮಾರು 270 ಚದರ ಅಡಿ. ಇದು ಗೋಡೆಯೊಳಗಿನ ಅಳತೆ. ಅಂಗಳದ ಮಾತು ಇದರಾಗ ಇಲ್ಲ. ಇನ್ನು 20×30ರ ಸೈಟು ಸಿಕ್ಕವರನ್ನ ತಗೊಳ್ರಿ. ಒಟ್ಟು 600 ಚದರ ಅಡಿ. ಮನೆ, ಪಾಯಿಖಾನೆ, ಬಚ್ಚಲು, ನೀರಿನ ಡ್ರಮ್ಮು, ಕಟ್ಟಿಗೆ, ಒಂದು ಆಡು. ಉಳಿದದ್ದು ನಾಲ್ಕು ಹೆಜ್ಜೆ. ತೋಟದಾಗ ಹಲಸಿನ ಗಿಡದಿಂದ ಗಿಡಕ್ಕ 25-30 ಅಡಿ ಬಿಡ್ತಾರ. ಅಂದ್ರ ಒಂದು ಹಲಸಿನ ಮರಕ್ಕ ತೋಟದಾಗ ಸಿಗುವಷ್ಟು ಜಾಗ ನಮ್ಮ ಇಡೀ ಕುಟುಂಬಕ್ಕೂ ಸಿಕ್ಕಿಲ್ಲ.

ಇದೇನು ದೇವರು ಬರೆದ ಬರಹ ಅಲ್ಲ. ಪಕ್ಕದ ಕೇರಳ ನೋಡ್ರಿ. 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಇನ್ನೊಬ್ಬರ ಜಮೀನಿನಾಗ ಗುಡಿಸಲು ಹಾಕಿದ್ದವರಿಗೆ ಪಂಚಾಯಿತಿ ಪ್ರದೇಶದಾಗ 10 ಸೆಂಟ್ಸ್ ತನಕ ಜಾಗ ತಮ್ಮದಾಗಿಸಿಕೊಳ್ಳುವ ಹಕ್ಕು ಬಂತು. 10 ಸೆಂಟ್ಸ್ ಅಂದ್ರ 4,356 ಚದರ ಅಡಿ, ನಮ್ಮ 20×30ರ ಏಳು ಪಟ್ಟು. ಅಷ್ಟಿದ್ದರೆ ಎರಡು ತೆಂಗು, ಒಂದು ಹಲಸು, ನಾಲ್ಕು ಬಾಳೆ ಆರಾಮಾಗಿ ನಿಲ್ತಾವು. ಹೊಲ ಗೇಣಿದಾರರಿಗೆ ಹೋಯ್ತು, ದಲಿತ ಕೂಲಿಗಳ ಪಾಲಿಗೆ ಬಂದದ್ದು ಮನೆಜಾಗ ಅಷ್ಟೇ ಅನ್ನೋ ಟೀಕೆ ಕೇರಳದಾಗೂ ಐತಿ, ಅದು ಖರೆ. ಆದ್ರ ಮನೆ ಅಂದ್ರ ಬರೀ ಗೋಡೆ ಅಲ್ಲ ಅನ್ನೋದನ್ನ ಅವರ ಕಾಯಿದೆ ಒಪ್ಪಿಕೊಂಡಿತ್ತು.

"ಐದು ಎಕರೆಗೆ ಹೋರಾಡೋದು ಬಿಟ್ಟು ಪೇರಲ ಗಿಡದ ಮಾತಾಡ್ತೀಯಲ್ಲ" ಅಂತ ಕೆಲವು ಸಂಗಾತಿಗಳು ನಗ್ತಾರ. ನಗಬ್ಯಾಡ್ರಿ. ಬಾಳೆ ವರ್ಷದೊಳಗ ಗೊನೆ ಹಾಕಬಹುದು. ಕಸಿ ಪೇರಲಕ್ಕ ಎರಡು-ಮೂರು ವರ್ಷ. ವಾಟೆ ಹಾಕಿ ಬೆಳೆಸಿದ ಮಾವಿಗೆ ಏಳೆಂಟು ವರ್ಷ. ಮಾವು ಹಚ್ಚುವವನಿಗೆ "ಏಳು ವರ್ಷ ಆದ ಮ್ಯಾಲೂ ನಾನು ಇಲ್ಲೇ ಇರ್ತೀನಿ" ಅನ್ನೋ ಧೈರ್ಯ ಬೇಕು. ಯಾವಾಗ ಬೇಕಾದ್ರೂ ಎಬ್ಬಿಸಬಹುದು ಅನ್ನೋ ಜಾಗದಾಗ ಯಾರು ಮಾವು ಹಚ್ತಾರ? ನಮ್ಮ ಮಂದಿ ಚೆಂಡುಹೂವು ಹಚ್ಚಿ ಸುಮ್ಮನಾಗೋದು ಅದಕ್ಕೇ. ಹಣ್ಣಿನ ಮರ ಅಂದ್ರ ನೆಲದ ಮ್ಯಾಲಿನ ಭರವಸೆ.

ಈ ಭರವಸೆಯನ್ನ ನಮ್ಮಿಂದ ಕಸಿದುಕೊಂಡ ಇತಿಹಾಸವೂ ಐತಿ. 1956ರ ತನಕ ಬೆಳಗಾವಿ ಮುಂಬೈ ರಾಜ್ಯದೊಳಗಿತ್ತು. 1874ರ ವತನ ಕಾಯಿದೆಯ ಅಡಿ ಹೊಲೆಯ-ಮಹಾರರಿಗೆ ನೆಲ ಇದ್ದಲ್ಲೂ ಅದು ಊರ ಚಾಕರಿಗೆ ಕಟ್ಟಿದ ನೆಲ. ಕರೆದಾಗ ಓಡಬೇಕು, ಹಗಲಿಲ್ಲ ರಾತ್ರಿಯಿಲ್ಲ. ಈ ಬಂಧನ ಬಿಡಿಸಾಕ ಬಾಬಾಸಾಹೇಬರು 1928ರಲ್ಲೇ ಮುಂಬೈ ವಿಧಾನ ಪರಿಷತ್ತಿನಾಗ ಮಸೂದೆ ತಂದರು. ನೆಲ ಐತಿ ಅಂದ್ರ ಸಾಲದು, ಅದರ ಮ್ಯಾಲೆ ನಮ್ಮ ಅಧಿಕಾರ ಇರಬೇಕು ಅನ್ನೋದು ಆಗಿನ ಜಗಳ. ಈಗಿನ ಜಗಳವೂ ಅದೇ, ಹಕ್ಕುಪತ್ರದ ಹೆಸರಿನಾಗ.

ಅಂಗಳದ ಮರ ಇನ್ನೊಂದು ಕೆಲಸ ಮಾಡ್ತದ. ಗೌಡರ ತೋಟದ ಮಾವು ಕಿತ್ತ ಅಂತ ನಮ್ಮ ಹುಡುಗರನ್ನ ಹೊಡೆದ ಸುದ್ದಿ ಓದ್ತೀವಿ. ತನ್ನ ಮನೆಯ ಗಿಡ ಹತ್ತಿ ಹಣ್ಣು ಕಿತ್ತು ತಿಂದ ಕೂಸಿಗೆ ಬೇಲಿ ಹಾರುವ ಗರಜು ಇಲ್ಲ, ಯಾರ ಬೈಗುಳವೂ ಇಲ್ಲ. ಪೇರಲದಾಗ ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವ ಐತಿ. ಅಂಗನವಾಡಿ ಗೋಡೆ ಮ್ಯಾಲಿನ ಹಣ್ಣಿನ ಚಿತ್ರ ತಟ್ಟೆಗೆ ಬರೋದು ಹಿಂಗ.

ಜಾಗ ಇದ್ದವರು ಈ ಮಳೆಗೇ ಶುರು ಮಾಡ್ರಿ. ಮಳೆ ಹಿಡಿಯೋದಕ್ಕ ಮೊದಲೇ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡ್ರಿ, ಆಮೇಲೆ ಸಗಣಿ ಗೊಬ್ಬರ ಹಾಕಿ ಮುಚ್ಚಿರಿ. ಸಣ್ಣ ಸೈಟಿಗೆ ಕಸಿ ಪೇರಲ, ನಿಂಬೆ ಸಾಕು. ಪೇರಲವನ್ನ ಕತ್ತರಿಸುತ್ತಾ ಕೈಗೆಟುಕುವ ಎತ್ತರದಾಗೇ ಇಡಬಹುದು. ಗೋಡೆಯಿಂದ ಆರೆಂಟು ಅಡಿ ದೂರ ಇರಲಿ. ಬಚ್ಚಲ ನೀರಿಗೆ ಬಾಳೆ. ಪಪ್ಪಾಯಿ ಬೇರಿಗೆ ನೀರು ನಿಂತರೆ ಸಾಯ್ತದ, ನಮ್ಮ ಮಳೆಯಾಗ ದಿಬ್ಬ ಮಾಡಿಯೇ ಹಚ್ಚಬೇಕು. ಕಾಡಂಚಿನವರು ಹಲಸನ್ನ ಬಾಗಿಲ ಹತ್ತಿರ ಹಚ್ಚಬ್ಯಾಡ್ರಿ. ಹಣ್ಣಿನ ವಾಸನೆಗೆ ಕರಡಿ, ಆನೆ ಬರ್ತಾವು.

ಗಿಡ ಬೆಳೆದ ಮ್ಯಾಲೆ ಯಾರಾದ್ರೂ ದರ್ಪದಿಂದ ಕಡಿದ್ರ, ಹಣ್ಣು ಹೊತ್ತೊಯ್ದ್ರ "ಹೋಗಲಿ ಬಿಡು" ಅನ್ನಬ್ಯಾಡ್ರಿ. 2015ರಲ್ಲಿ ತಿದ್ದುಪಡಿಯಾದ ದೌರ್ಜನ್ಯ ತಡೆ ಕಾಯಿದೆಯ ಕಲಂ 3(1)(ಜಿ) ಓದ್ರಿ. ಪರಿಶಿಷ್ಟರ ಜಮೀನು, ನಿವೇಶನದ ಮ್ಯಾಲಿನ ಹಕ್ಕು ಅನುಭವಿಸಾಕ ಅಡ್ಡಿ ಮಾಡೋದು, ಬೆಳೆ ನಾಶ ಮಾಡೋದು, ಫಸಲು ಒಯ್ಯೋದು ಅದರಡಿ ಅಪರಾಧ.

ಒಂದು ಎಚ್ಚರಿಕೆ. ಪರಿಸರ ದಿನಕ್ಕ ಬಂದು ಕೈಗೊಂದು ಸಸಿ ಕೊಟ್ಟು, ಫೋಟೋ ಹೊಡೆಸಿಕೊಂಡು ಹೋಗುವವರಿಗೆ ಚಪ್ಪಾಳೆ ತಟ್ಟಬ್ಯಾಡ್ರಿ. ಸಸಿ ತಗೊಳ್ರಿ, ಅಲ್ಲೇ ಕೇಳ್ರಿ: "ಸಾಹೇಬ್ರ, ಇದನ್ನ ಹಚ್ಚೋದು ಎಲ್ಲಿ?"

ಮುಂದಿನ ಗ್ರಾಮಸಭೆಗೆ ನಾವು ಬರೆದುಕೊಂಡು ಹೋಗಬೇಕಾದ ಮಾತು ಮೂರು. ಹಳ್ಳಿಗಳಲ್ಲಿ ಹೊಸ ನಿವೇಶನ ಎರಡು ಗುಂಟೆಗಿಂತ, ಅಂದ್ರ 2,178 ಚದರ ಅಡಿಗಿಂತ ಕಮ್ಮಿ ಆಗಬಾರದು. ಈಗಾಗಲೇ ವಾಸ ಇರುವ ಪ್ರತಿ ಮನೆಗೆ, ಅದರ ಅಂಗಳ ಸೇರಿಸಿ ಅಳತೆ ಮಾಡಿ, ಹೆಣ್ಣುಮಗಳ ಹೆಸರಿಗೆ ಹಕ್ಕುಪತ್ರ ಕೊಡಬೇಕು. ಆಮೇಲೆ ಒಳ್ಳೆಯ ಕಸಿ ಗಿಡ. ಇದೇ ಕ್ರಮದಾಗ. ಗಿಡ ಮೊದಲು, ಜಾಗ ಆಮೇಲೆ ಅಂದ್ರ ನಾವು ಒಪ್ಪೋದಿಲ್ಲ.

ಹೊಲ ನಮ್ಮ ಹಕ್ಕು. ಹೊಸ್ತಿಲ ಮುಂದಿನ ಅಂಗಳವೂ ನಮ್ಮ ಹಕ್ಕು. ನಿಮ್ಮ ಕೇರಿಯ ಮನೆಗಳ ಮುಂದ ಎಷ್ಟು ಅಡಿ ಜಾಗ ಐತಿ, ಅಳತೆ ಮಾಡಿ ಕೆಳಗೆ ಬರೀರಿ. ಒಟ್ಟುಗೂಡಿಸಿ ಗ್ರಾಮಸಭೆಗೆ ಒಯ್ಯೋಣ.

ಜೈ ಭೀಮ್.