ಟಿಕೆಟ್ಟು ಕೊಡೋ ಕೈ ಯಾರದು?

ಚುನಾವಣೆ ಬಂತಂದರೆ ಯಡೂರಿನ ಚಹಾದಂಗಡಿಯಲ್ಲಿ ಒಂದೇ ಮಾತು: "ಟಿಕೆಟ್ಟು ಯಾರಿಗಂತ?" ಮಳಿ ಯಾವಾಗ ಬರತೈತಿ ಅಂತ ಕೇಳಿದ ಹಾಗೆ ಕೇಳುತ್ತಾರೆ. ಕೊಡೋ ಕೈ ಯಾರದು, ಆ ಕೈಗೆ ಅಧಿಕಾರ ಎಲ್ಲಿಂದ ಬಂತು ಅಂತ ಕೇಳುವವರಿಲ್ಲ. ಹಾಸ್ಟೆಲಿನ ಗೆಳೆಯರೇ, ನಾವು ಆ ಕೈಯ ಬಗ್ಗೆ ಮಾತಾಡಬೇಕಾಗಿದೆ.

ಓಟು ನಮ್ಮದು, ಖರೆ. ಆದರೆ ಓಟಿಗೆ ನಿಲ್ಲುವವರ ಹೆಸರು ಸಾಹುಕಾರರ ಬಂಗಲೆಯಲ್ಲಿ ಹುಟ್ಟಿ, ಬೆಂಗಳೂರು ಸುತ್ತಿ, ದಿಲ್ಲಿಯಲ್ಲಿ ಒಪ್ಪಿಗೆ ಪಡೆದು, ಬಿ ಫಾರಂ ಆಗಿ ನಮ್ಮ ಮುಂದೆ ಇಳಿಯುತ್ತದೆ. ಠೇವಣಿ ಎಷ್ಟು, ಖರ್ಚು ಎಷ್ಟು ಅಂತೆಲ್ಲ ಹೇಳುವ ಚುನಾವಣಾ ಕಾನೂನು, ಪಕ್ಷ ತನ್ನ ಅಭ್ಯರ್ಥಿಯನ್ನು ಹೇಗೆ ಆರಿಸಬೇಕು ಅನ್ನುವಲ್ಲಿ ಬಾಯಿ ಮುಚ್ಚಿಕೊಂಡಿದೆ.

ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸಲಿಕ್ಕೇ ಜನ ಮೊದಲೊಂದು ಓಟು ಹಾಕುತ್ತಾರೆ. ಅದು ಪ್ರೈಮರಿ. ಊರವರು ಶಾಲೆಯಲ್ಲೋ ಚರ್ಚಿನಲ್ಲೋ ಕೂಡಿ ಚರ್ಚಿಸಿ ಆರಿಸಿದರೆ ಕಾಕಸ್. ಕೇಳಲಿಕ್ಕೆ ಚೆಂದ. ಆದರೆ ಅಲ್ಲಿಯೂ ಒಂದು ಕೇರಿ ಇತ್ತು. ಟೆಕ್ಸಾಸಿನಲ್ಲಿ ಡೆಮೊಕ್ರಾಟಿಕ್ ಪಕ್ಷದ ಪ್ರೈಮರಿಯಲ್ಲಿ ಕರಿಯರಿಗೆ ಬಾಗಿಲು ಮುಚ್ಚಿತ್ತು. ಆ ಪಕ್ಷದ ಟಿಕೆಟ್ಟು ಸಿಕ್ಕವನೇ ಗೆಲ್ಲುತ್ತಿದ್ದ ಕಾಲ ಅದು. ಕೊನೆಯ ಓಟಿಗೆ ಏನು ಬೆಲೆ? ಹ್ಯೂಸ್ಟನ್ನಿನ ಹಲ್ಲಿನ ಡಾಕ್ಟರು ಲಾನಿ ಸ್ಮಿತ್ ಕೋರ್ಟಿಗೆ ಹೋದರು. 1944ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ಬಿಳಿಯರ ಪ್ರೈಮರಿಯನ್ನು ಹೊಡೆದುಹಾಕಿತು.

ಇಂಥ ಮೊದಲ ಓಟು ಒಂದು ಕಾಲಕ್ಕೆ ನಮಗೂ ಇತ್ತೆಂಬುದು ನಮ್ಮ ಹುಡುಗರಿಗೆ ಗೊತ್ತಿಲ್ಲ. ಪಾಠಪುಸ್ತಕ ಓದಿದವರು 1932ರ ಪೂನಾ ಒಪ್ಪಂದ ಅಂದರೆ ಗಾಂಧಿಯ ಉಪವಾಸ ಅಂತಾರೆ. ಒಪ್ಪಂದದೊಳಗೆ ಏನಿತ್ತು? ಪ್ರತಿ ಮೀಸಲು ಸ್ಥಾನಕ್ಕೆ ಮೊದಲು ಅಸ್ಪೃಶ್ಯ ಮತದಾರರು ಮಾತ್ರ ಓಟು ಹಾಕಿ ನಾಲ್ವರನ್ನು ಆರಿಸಬೇಕು. ಆಮೇಲೆ ಎಲ್ಲರೂ ಕೂಡಿ ಆ ನಾಲ್ವರಲ್ಲಿ ಒಬ್ಬನನ್ನು ಆರಿಸಬೇಕು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ 1937ರಲ್ಲಿ, ಬಾಬಾಸಾಹೇಬರ ಸ್ವತಂತ್ರ ಮಜೂರ ಪಕ್ಷದಿಂದ ಬಳವಂತರಾವ ವರಾಳೆಯವರು ಇಲ್ಲಿಂದ ಆರಿಸಿ ಹೋದದ್ದು ಆ ವ್ಯವಸ್ಥೆಯೊಳಗೇ.

ಅದರಲ್ಲಿ ಮೋಸವೂ ಇತ್ತು. ಬಡವ ಎರಡು ಸಲ ಚುನಾವಣೆಯ ಖರ್ಚು ಹೊರಬೇಕು. ಕೇರಿಯಲ್ಲಿ ಮೊದಲು ಬಂದವನನ್ನು ಊರು ಸೋಲಿಸಿ, ನಾಲ್ಕನೆಯವನನ್ನು ಗೆಲ್ಲಿಸಬಹುದು. 1946ರಲ್ಲಿ ಬಾಬಾಸಾಹೇಬರು ಬ್ರಿಟಿಷ್ ಮಂತ್ರಿಗಳ ಮುಂದೆ ಇಟ್ಟ ದೂರು ಇದೇ: ನಮ್ಮ ಜನ ಯಾರ ಹಿಂದೆ ಇದ್ದಾರೆಂದು ಪ್ರಾಥಮಿಕ ಚುನಾವಣೆಯಲ್ಲಿ ನೋಡಿರಿ, ಕೊನೆಯದರಲ್ಲಿ ಅಲ್ಲ. ಗಣರಾಜ್ಯ ಬಂದಾಗ ಮೀಸಲು ಸ್ಥಾನ ಉಳಿಯಿತು, ಮೊದಲ ಓಟು ಹೋಯಿತು. ಆ ಜಾಗದಲ್ಲಿ ಹೈಕಮಾಂಡ್ ಬಂದು ಕೂತಿತು.

ನಮ್ಮ ಚಿಕ್ಕೋಡಿ ಲೋಕಸಭಾ ಕ್ಷೇತ್ರ 1967ರಿಂದ 2004ರ ಚುನಾವಣೆಯವರೆಗೆ ಮೀಸಲಾಗಿತ್ತು. ಬಿ. ಶಂಕರಾನಂದರು ಸತತ ಏಳು ಸಲ ಗೆದ್ದರು, ಕೇಂದ್ರದಲ್ಲಿ ಮಂತ್ರಿಯಾದರು. 1996ರಲ್ಲಿ ರತ್ನಮಾಲಾ ಸವಣೂರು ಗೆದ್ದರು. ಅವರ ಯೋಗ್ಯತೆ ನಾವು ಅಳೆಯುತ್ತಿಲ್ಲ. ಹನ್ನೊಂದು ಚುನಾವಣೆ ನಡೆದವು, ಒಂದರಲ್ಲೂ ಕೇರಿಗೆ ಮೊದಲ ಓಟು ಇರಲಿಲ್ಲ ಅನ್ನುತ್ತಿದ್ದೇವೆ. ಟಿಕೆಟ್ಟು ಕೊಟ್ಟವರಿಗೆ ಹೆದರುವ ಪ್ರತಿನಿಧಿ, ಕೇರಿಗೆ ಯಾಕೆ ಹೆದರಬೇಕು?

ಪ್ರೈಮರಿ ತಂದರೆ ಎಲ್ಲ ಸರಿಹೋಗತೈತಿ ಅಂತ ನಾವು ನಂಬಿಲ್ಲ. 2014ರಲ್ಲಿ ಕಾಂಗ್ರೆಸ್ಸು ಕೆಲವೇ ಕ್ಷೇತ್ರಗಳಲ್ಲಿ ಇದನ್ನು ಮಾಡಿ ನೋಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ. ಓಟು ಇದ್ದದ್ದು ಪಕ್ಷದವರಿಗೆ, ಬೀದಿಯವರಿಗಲ್ಲ. ಎರಡೂ ಕಡೆ ಅಭ್ಯರ್ಥಿಗಳು ಸೋತರು, ಪ್ರಯೋಗ ಪದ್ಧತಿಯಾಗಲಿಲ್ಲ. ನಾಳೆ ಸದಸ್ಯತ್ವದ ಪುಸ್ತಕವೇ ಸಾಹುಕಾರರ ಕಪಾಟಿನಲ್ಲಿದ್ದರೆ ಪ್ರೈಮರಿಯೂ ಅವರದೇ.

ಅದಕ್ಕೇ ಮೊದಲು ಆ ಪುಸ್ತಕ ಕೇಳಿರಿ. ರಾಯಬಾಗ, ಕುಡಚಿ ಇವತ್ತಿಗೂ ಮೀಸಲು ವಿಧಾನಸಭಾ ಕ್ಷೇತ್ರಗಳು. ಅಲ್ಲಿ ಓಟು ಕೇಳಲು ಬಂದವರನ್ನು, ಯಾವ ಪಕ್ಷದವರೇ ಇರಲಿ, ಕೇರಿಯ ಕಟ್ಟೆ ಮೇಲೆ ಕೂಡ್ರಿಸಿ ಚಹಾ ಕೊಟ್ಟು ಕೇಳಿರಿ: ಅಣ್ಣಾ, ನಿಮ್ಮನ್ನ ಆರಿಸಿದ ಸಭೆ ಯಾವತ್ತು ಕೂಡಿತ್ತು? ಎಲ್ಲಿ? ನಮ್ಮ ಕೇರಿಯವರು ಎಷ್ಟು ಮಂದಿ ಇದ್ದರು? ಉತ್ತರವನ್ನು ತಾರೀಖು ಹಾಕಿ ಬರೆದುಕೊಂಡು ನಮಗೆ ಕಳಿಸಿರಿ. ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕುತ್ತೇವೆ.